ದೇವರಹಳ್ಳಿಯ ಎಂಬತ್ತು ಸೀಟು

ಚೌಕಾಕಾರದ ಒಂದು ಕಾಗದ. ಅದನ್ನು ಒಮ್ಮೆ ಅಡ್ಡಕ್ಕೆ ಮಡಚಿದ್ದಾರೆ, ಮತ್ತೊಮ್ಮೆ ಉದ್ದಕ್ಕೆ. ಮಡಚಿದ ಮೂಲೆಯ ಹತ್ತಿರ ಸಣ್ಣದೊಂದು ತೂತು ಹೊಡೆದಿದ್ದಾರೆ. ಬಿಚ್ಚಿದರೆ ಎಷ್ಟು ತೂತು ಕಾಣುತ್ತವೆ, ಎಲ್ಲೆಲ್ಲಿ? ಕೆಳಗೆ ನಾಲ್ಕು ಚಿತ್ರಗಳಿವೆ, ಸರಿಯಾದದ್ದು ಒಂದೇ. ಹೊಳೆದ ಮಗು ಒಎಂಆರ್ ಹಾಳೆಯ ಪುಟ್ಟ ವೃತ್ತವೊಂದನ್ನು ಬಾಲ್ ಪೆನ್ನಿನಿಂದ ತುಂಬಿ ಮುಂದಿನ ಚಿತ್ರಕ್ಕೆ ಹೋಗುತ್ತದೆ. ಒಟ್ಟು ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಮೊದಲ 40 ಪ್ರಶ್ನೆಗಳಲ್ಲಿ ಓದುವುದಕ್ಕೆ ಹೆಚ್ಚೇನೂ ಇಲ್ಲ, ನೋಡುವುದೇ ಎಲ್ಲ. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಇದು ಹೇಗೆ ಕಾಣುತ್ತದೆ, ಮುರಿದ ವೃತ್ತಕ್ಕೆ ಯಾವ ತುಂಡು ಕೂರುತ್ತದೆ. ಒಟ್ಟು ಅಂಕದಲ್ಲಿ ಅರ್ಧ ಇವಕ್ಕೇ. ಆಮೇಲೆ 20 ಲೆಕ್ಕ, 20 ಭಾಷೆಯ ಪ್ರಶ್ನೆ.

ದಾವಣಗೆರೆ ಜಿಲ್ಲೆಯಲ್ಲಿ ಈ ಪರೀಕ್ಷೆ ಪಾಸಾದವರು ಹೋಗುವ ಊರು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿ. ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯ ಇರುವುದು ಅಲ್ಲಿ. ಆರನೇ ತರಗತಿಗೆ ವರ್ಷಕ್ಕೆ 80 ಮಕ್ಕಳು, ಎರಡು ವಿಭಾಗ, ಒಂದೊಂದರಲ್ಲಿ ನಲವತ್ತು. ಸೇರಿದ ಮಗು ಪಿಯುಸಿ ಮಟ್ಟದವರೆಗೆ ಏಳು ವರ್ಷ ಅಲ್ಲೇ ಉಂಡು, ಅಲ್ಲೇ ಮಲಗಿ, ಅಲ್ಲೇ ಓದುತ್ತದೆ. ಅಡಿಕೆ ತೋಟಗಳ ಚನ್ನಗಿರಿ, ತುಂಗಭದ್ರೆಯ ದಂಡೆಯ ಹೊನ್ನಾಳಿ, ತಾಂಡಾಗಳ ನ್ಯಾಮತಿ, ಮಳೆ ಕೈಕೊಟ್ಟರೆ ಮೆಕ್ಕೆಜೋಳವೂ ಕೈಗೆ ಹತ್ತದ ಜಗಳೂರು: ಎಲ್ಲ ಕಡೆಯ ಐದನೇ ತರಗತಿಯ ಮಕ್ಕಳಿಗೂ ಈ ಎಂಬತ್ತರ ಲೆಕ್ಕ ಗೊತ್ತು. ಅವರಿಗಿಂತ ಚೆನ್ನಾಗಿ ಅವರ ಅಪ್ಪ ಅಮ್ಮಂದಿರಿಗೆ ಗೊತ್ತು.

ಶಾಲೆಗೆ ಮಕ್ಕಳನ್ನು ಆರಿಸಿ ತೆಗೆದುಕೊಳ್ಳುವ ಪದ್ಧತಿ ಈ ಸೀಮೆಗೆ ನವೋದಯದಿಂದ ಬಂದದ್ದಲ್ಲ. ಈ ನಾಲ್ಕೂ ತಾಲ್ಲೂಕುಗಳ ನೆಲ ಹಳೆಯ ಮೈಸೂರು ಸಂಸ್ಥಾನದ್ದು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಶಾಸನಗಳ ಸಂಪಾದಕರೆಂದು ಕನ್ನಡಿಗರಿಗೆ ಪರಿಚಿತರಾದ ಬಿ.ಎಲ್. ರೈಸ್ ವಿದ್ಯಾ ಇಲಾಖೆಯನ್ನು ನೋಡಿಕೊಳ್ಳುತ್ತಿದ್ದಾಗ, 1868ರ ಸುಮಾರಿಗೆ, ಹೋಬಳಿಗೊಂದು ಶಾಲೆ ಎಂಬ ಯೋಜನೆ ರೂಪುಗೊಂಡಿತು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಸರ್ಕಾರಿ ಶಾಲೆಯ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಬೇಕು ಎಂಬ ಆದೇಶವೂ ಆ ದಶಕದ್ದೇ. ಸರ್ಕಾರಿ ನೌಕರಿಯೆಲ್ಲ ಒಂದೇ ಜಾತಿಯವರ ಕೈಯಲ್ಲಿದೆ ಎಂಬ ದೂರನ್ನು ವಿಚಾರಿಸಲು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಕಾಗದದ ಮೇಲೆ ಬಾಗಿಲು ತೆರೆದಿತ್ತು. ನಿಜವಾದ ತಡೆ ಇದ್ದದ್ದು ನಾಲ್ಕನೆಯ ತರಗತಿಯ ಆಚೆ. ಮಾಧ್ಯಮಿಕ ಶಾಲೆ ಎಂದರೆ ತಾಲ್ಲೂಕು ಕೇಂದ್ರಕ್ಕೆ ಬರಬೇಕು. ಅಲ್ಲಿ ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ? ನೆಂಟರ ಮನೆ ಇದ್ದವರು ಓದಿದರು. ಇಲ್ಲದವರು ದನ ಕಾಯಲು ಹೋದರು. ಓದಿ ಮುಗಿಸಿದವನಿಗೂ ಲೋಯರ್ ಸೆಕೆಂಡರಿ ಎಂಬ ಸಾರ್ವಜನಿಕ ಪರೀಕ್ಷೆ ಕಾದಿತ್ತು. ‘ಎಲ್.ಎಸ್. ಪಾಸ್’ ಎಂದರೆ ಮೇಷ್ಟರ ಕೆಲಸಕ್ಕೂ ಗುಮಾಸ್ತಿಕೆಗೂ ದಾರಿ, ಊರಿನಲ್ಲಿ ಒಂದು ತೂಕ.

ಊಟ ವಸತಿಯ ತೊಡಕನ್ನು ಬಿಡಿಸಿದ್ದು ಸರ್ಕಾರಕ್ಕಿಂತ ಮೊದಲು ಮಠಗಳು ಮತ್ತು ಜಾತಿ ಸಂಘಗಳು. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗಗಳಲ್ಲಿ ಒಂದೊಂದು ಸಮುದಾಯದ್ದು ಒಂದೊಂದು ಉಚಿತ ವಿದ್ಯಾರ್ಥಿನಿಲಯ ಎದ್ದಿತು. ಸಿರಿಗೆರೆಯ ತರಳಬಾಳು ಮಠ ಹಳ್ಳಿ ಹಳ್ಳಿಯಲ್ಲಿ ಪ್ರೌಢಶಾಲೆ ಕಟ್ಟಿತು, ಅನ್ನವನ್ನೂ ಕೊಟ್ಟಿತು. ಈ ಭಾಗದ ಹಿರಿಯರಲ್ಲಿ ಎಷ್ಟೋ ಜನ ಆ ಪ್ರಸಾದ ಉಂಡು ಎಂಜಿನಿಯರು, ವಕೀಲರು, ಮೇಷ್ಟ್ರುಗಳಾದವರು. ಅಲ್ಲಿಗೆ ಸೇರಬೇಕಾದರೆ ಬೇಕಿದ್ದದ್ದು ಸಾಮಾನ್ಯವಾಗಿ ಒಂದು ಚೀಟಿ. ಊರಿನ ಗೌಡರದೋ, ಪರಿಚಯದ ಮೇಷ್ಟರದೋ, ಸ್ವಾಮಿಗಳ ಹತ್ತಿರ ಓಡಾಡುವ ಭಕ್ತರದೋ. ಹುಡುಗ ಬುದ್ಧಿವಂತ ಎಂದು ನಾಲ್ಕು ಜನ ಹೇಳಬೇಕು, ಹೇಳುವವರಿಗೆ ಮಾತು ನಡೆಯುವ ಜಾಗ ಇರಬೇಕು. ಹುಡುಗಿಯರ ಪರವಾಗಿ ಆ ಚೀಟಿ ಬರೆದವರು ಕಡಿಮೆ.

ಚೀಟಿಯ ಜಾಗಕ್ಕೆ ಒಎಂಆರ್ ಹಾಳೆ ಬಂದ ಕಥೆ 1986ರಿಂದ ಶುರು. ರಾಜೀವ್ ಗಾಂಧಿ ಪ್ರಧಾನಿ, ಪಿ.ವಿ. ನರಸಿಂಹ ರಾವ್ ಮಾನವ ಸಂಪನ್ಮೂಲ ಸಚಿವ. ಆ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಜಿಲ್ಲೆಗೊಂದು ‘ಮಾದರಿ’ ವಸತಿ ಶಾಲೆಯ ಮಾತಾಡಿತು: ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆ, ಅಪ್ಪನ ಜೇಬು ನೋಡದೆ, ಒಳ್ಳೆಯ ಶಿಕ್ಷಣ. ನೀತಿ ಸಂಸತ್ತಿನಲ್ಲಿ ಅಂಗೀಕಾರವಾಗುವ ಮೊದಲೇ, 1985-86ರಲ್ಲಿ, ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡು ಶಾಲೆಗಳು ಪ್ರಯೋಗವಾಗಿ ಆರಂಭಗೊಂಡಿದ್ದವು. ಡೆಹ್ರಾಡೂನಿನ ಡೂನ್ ಶಾಲೆಯಲ್ಲಿ ಓದಿದ ಪ್ರಧಾನಿ ಬಡವರಿಗೂ ಡೂನ್ ಕೊಡಲು ಹೊರಟಿದ್ದಾರೆ ಎಂದು ಕೆಲವರು ಮೆಚ್ಚಿದರು, ಕೆಲವರು ಅದನ್ನೇ ಚುಚ್ಚುಮಾತಾಗಿ ಆಡಿದರು. ತಮಿಳುನಾಡು ಹಿಂದಿಯ ಕಾರಣಕ್ಕೆ ಬೇಡವೆಂದಿತು. ಅಲ್ಲಿ ಇವತ್ತಿಗೂ ಒಂದೂ ನವೋದಯ ನಡೆಯುತ್ತಿಲ್ಲ. ಕರ್ನಾಟಕ ತಕರಾರು ಮಾಡದೆ ಜಾಗ ತೋರಿಸಿತು. ಶಿವಮೊಗ್ಗಕ್ಕೆ ತುಂಗಾ ಅಣೆಕಟ್ಟೆಯ ಗಾಜನೂರಿನಲ್ಲಿ, ಚಿತ್ರದುರ್ಗಕ್ಕೆ ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿ, ಬಳ್ಳಾರಿಗೆ ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯಲ್ಲಿ ನವೋದಯಗಳಾದವು. ಹೆಸರುಗಳನ್ನು ನೋಡಿದರೆ ಸಾಕು, ಒಂದೂ ಪಟ್ಟಣದಲ್ಲಿಲ್ಲ.

ಪ್ರವೇಶ ಪರೀಕ್ಷೆಯನ್ನು ಮೊದಲು ರೂಪಿಸಿದ್ದು ಎನ್‌ಸಿಇಆರ್‌ಟಿ. ಚಿತ್ರಗಳಿಗೆ ಅಷ್ಟು ಅಂಕ ಇಟ್ಟದ್ದರ ಹಿಂದೆ ಒಂದು ತರ್ಕ ಇತ್ತು. ಹಳ್ಳಿಯ ಏಕೋಪಾಧ್ಯಾಯ ಶಾಲೆಯ ಮಗುವಿಗೂ ಪೇಟೆಯ ಕಾನ್ವೆಂಟ್ ಮಗುವಿಗೂ ಪಠ್ಯದ ಪ್ರಶ್ನೆ ಕೇಳಿದರೆ ಗೆಲ್ಲುವವರು ಯಾರು ಎಂಬುದು ಮೊದಲೇ ತೀರ್ಮಾನವಾದಂತೆ. ಮಡಚಿದ ಕಾಗದದ ತೂತು ಎಣಿಸಲು ಇಂಗ್ಲಿಷ್ ಬೇಡ, ಟ್ಯೂಷನ್ ಬೇಡ, ಮನೆಯಲ್ಲಿ ಪುಸ್ತಕ ಇರಬೇಕಿಲ್ಲ. ಉಳಿದ ಪ್ರಶ್ನೆಗಳನ್ನೂ ಕನ್ನಡದಲ್ಲೇ ಬರೆಯಬಹುದು. ಒಂದು ಮಗುವಿಗೆ ಅವಕಾಶ ಒಂದೇ ಸಲ. ಈ ವರ್ಷ ಆಗಲಿಲ್ಲ, ಮುಂದಿನ ವರ್ಷ ನೋಡೋಣ ಎನ್ನುವಂತಿಲ್ಲ.

ಅದರ ಮೇಲೆ ಗೆರೆಗಳು. ಮೊದಲ ಗೆರೆ ಜಿಲ್ಲೆಯದು. ಮಗು ಯಾವ ಜಿಲ್ಲೆಯ ಶಾಲೆಯಲ್ಲಿ ಐದನೆಯದು ಓದುತ್ತಿದೆಯೋ ಆ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ ಹಾಕಬೇಕು. ಹೀಗಾಗಿ ಗಾಜನೂರು ಶುರುವಾದ ಕಾಲದಲ್ಲಿ ಹೊನ್ನಾಳಿಯ ಹುಡುಗಿ ಸಾಗರ, ಸೊರಬ, ತೀರ್ಥಹಳ್ಳಿಯವರ ಜೊತೆ ಸ್ಪರ್ಧಿಸಬೇಕಿತ್ತು. ಶಾಲೆಗಳು ಹಳತಾದ, ಓದಿದ ತಾಯಂದಿರು ಹೆಚ್ಚಿದ್ದ ಮಲೆನಾಡಿನ ಎದುರು ಅರೆಮಲೆನಾಡಿನ ಮಗು. ಜಗಳೂರಿನವರು ಚಿತ್ರದುರ್ಗದ ಪಟ್ಟಿಯಲ್ಲಿ, ದಾವಣಗೆರೆ ಪೇಟೆಯವರ ಜೊತೆಗೆ.

1997ರ ಆಗಸ್ಟ್ 15ರಂದು ಈ ಗೆರೆ ಅಳಿಸಿ ಹೊಸದು ಬಿತ್ತು. ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲ್, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಅವರ ಸರ್ಕಾರ ಒಂದೇ ಏಟಿಗೆ ಏಳು ಹೊಸ ಜಿಲ್ಲೆ ಮಾಡಿತು, ಅದರಲ್ಲಿ ದಾವಣಗೆರೆಯೂ ಒಂದು. ಶಿವಮೊಗ್ಗದಿಂದ ಚನ್ನಗಿರಿ ಮತ್ತು ಹೊನ್ನಾಳಿ, ಚಿತ್ರದುರ್ಗದಿಂದ ದಾವಣಗೆರೆ, ಹರಿಹರ ಮತ್ತು ಜಗಳೂರು, ಬಳ್ಳಾರಿಯಿಂದ ಹರಪನಹಳ್ಳಿ. ಹೊಸ ಜಿಲ್ಲೆ ಎಂದರೆ ಜಿಲ್ಲಾಧಿಕಾರಿ, ಎಸ್ಪಿ, ಖಜಾನೆ ಎಂದು ಜನ ಎಣಿಸುತ್ತಿದ್ದರು. ಜಿಲ್ಲೆಗೊಂದು ನವೋದಯ ಎಂಬ ನಿಯಮದ ಲೆಕ್ಕ ಹಾಕಿದವರು ಬಹಳ ಇರಲಿಕ್ಕಿಲ್ಲ. ಆಡಳಿತದ ನಕ್ಷೆಯ ಒಂದು ಗೀಟು, ಕಾಲಕ್ರಮದಲ್ಲಿ ವರ್ಷಕ್ಕೆ 80 ಮಕ್ಕಳಿಗೆ ಹೊಸ ಜಾಗವಾಯಿತು. ದೇವರಹಳ್ಳಿಯ ಕ್ಯಾಂಪಸ್ ಹಾಗೆ ಈ ಜಿಲ್ಲೆಯ ಪಾಲಿಗೆ ಬಂದದ್ದು. 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅಲ್ಲಿನ ಐದನೇ ತರಗತಿಯವರು ದೇವರಹಳ್ಳಿಯ ಪಟ್ಟಿಯಿಂದ ಹೊರಗಾದರು. ಬಳ್ಳಾರಿಯೂ ಸೇರಿದ ಸೀಮೆಗೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371ಜೆ ವಿಧಿಯ ಲಾಭಕ್ಕಾಗಿ ದೊಡ್ಡವರು ನಡೆಸಿದ ಹೋರಾಟದಲ್ಲಿ ಇದು ಯಾರ ಗಮನಕ್ಕೂ ಬರದ ಬದಲಾವಣೆ.

ಎರಡನೆಯ ಗೆರೆ ಊರಿನದು, ಅದು ಇನ್ನೂ ಬಿಗಿ. ಕನಿಷ್ಠ ನೂರಕ್ಕೆ 75 ಸೀಟು ಗ್ರಾಮೀಣ ಮಕ್ಕಳಿಗೆ. ಗ್ರಾಮೀಣ ಎನ್ನಿಸಿಕೊಳ್ಳಬೇಕಾದರೆ ಮೂರು, ನಾಲ್ಕು, ಐದು, ಮೂರೂ ತರಗತಿಯನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಆ ಮೂರು ವರ್ಷದಲ್ಲಿ ಒಂದೇ ಒಂದು ದಿನ ಪಟ್ಟಣ ವ್ಯಾಪ್ತಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದರೂ ಮಗು ನಗರದ್ದೇ. ಇಲ್ಲಿ ಹಳ್ಳಿಯವರು ಯಾರು ಎಂಬುದನ್ನು ತೀರ್ಮಾನಿಸುವುದು ಮಗುವಿನ ಮನೆಯಲ್ಲ, ಶಾಲೆಯ ವಿಳಾಸ. ತೋಟದ ಮನೆಯಿಂದ ದಿನಾ ಚನ್ನಗಿರಿ ಪೇಟೆಯ ಶಾಲೆಗೆ ಬರುವ ರೈತನ ಮಗ ನಗರವಾಸಿ. ಪೇಟೆಯಲ್ಲಿ ಮನೆ ಮಾಡಿಕೊಂಡು, ಪುರಸಭೆಯ ಗಡಿ ದಾಟಿದ ಕೂಡಲೇ ಸಿಗುವ ಖಾಸಗಿ ಶಾಲೆಗೆ ವ್ಯಾನಿನಲ್ಲಿ ಹೋಗುವ ಅಧಿಕಾರಿಯ ಮಗಳು ಗ್ರಾಮೀಣ. ನಿಯಮ ಗೊತ್ತಿದ್ದವರು ಎರಡನೆಯ ತರಗತಿ ಮುಗಿಯುವ ಹೊತ್ತಿಗೇ ಶಾಲೆ ಬದಲಾಯಿಸುತ್ತಾರೆ. ಗೊತ್ತಿಲ್ಲದವರು ಐದನೆಯದರಲ್ಲಿ ಅರ್ಜಿ ತುಂಬುವಾಗ ತಿಳಿದುಕೊಳ್ಳುತ್ತಾರೆ.

ನ್ಯಾಮತಿಯ ಪಾಡು ಇದಕ್ಕೆ ಒಳ್ಳೆಯ ಉದಾಹರಣೆ. ಬಹುಕಾಲ ಹೊನ್ನಾಳಿ ತಾಲ್ಲೂಕಿನ ಒಂದು ದೊಡ್ಡ ಊರಾಗಿದ್ದ ನ್ಯಾಮತಿಯನ್ನು ತಾಲ್ಲೂಕು ಮಾಡುವ ಘೋಷಣೆ 2013ರ ಬಜೆಟ್ಟಿನಲ್ಲಿ ಬಂತು, ಜಾರಿಯಾದದ್ದು 2018ರಲ್ಲಿ. ತಹಶೀಲ್ದಾರ್ ಕಚೇರಿ ಬಂತು, ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಆಯಿತು. ಊರಿನವರಿಗೆ ಹೆಮ್ಮೆ. ಆದರೆ ನವೋದಯದ ನಿಯಮ ಸರ್ಕಾರದ ಅಧಿಸೂಚನೆಯನ್ನು ನೋಡುತ್ತದೆ, ಬೀದಿಯನ್ನಲ್ಲ. ಅದೇ ಬೀದಿ, ಅದೇ ಶಾಲೆ, ಅದೇ ಮೇಷ್ಟ್ರು. ಮಕ್ಕಳು ಮಾತ್ರ ಗ್ರಾಮೀಣದಿಂದ ನಗರದ ಪಟ್ಟಿಗೆ ಹೋದರು. ಮುಕ್ಕಾಲು ಪಾಲು ಸೀಟಿನ ಬಾಗಿಲು ಅವರಿಗೆ ಮುಚ್ಚಿತು, ಉಳಿದ ಕಾಲು ಪಾಲಿನಲ್ಲಿ ದಾವಣಗೆರೆ ನಗರದ ಮಕ್ಕಳ ಜೊತೆ ಅವರು ಓಡಬೇಕು. ಆ ಕಾಲು ಪಾಲೂ ಪೂರ್ತಿ ನಗರದವರದ್ದಲ್ಲ, ಹೆಚ್ಚು ಅಂಕ ತೆಗೆದ ಹಳ್ಳಿಯ ಮಕ್ಕಳಿಗೂ ತೆರೆದದ್ದು.

ಮೂರನೆಯದು ಜಾತಿಯ ಪಟ್ಟಿ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಜಿಲ್ಲೆಯಲ್ಲಿ ಅವರ ಜನಸಂಖ್ಯೆಗೆ ತಕ್ಕಂತೆ ಸೀಟು, ರಾಷ್ಟ್ರೀಯ ಪ್ರಮಾಣವಾದ 15 ಮತ್ತು 7.5ಕ್ಕಿಂತ ಕಡಿಮೆಯಾಗದಂತೆ, ಎರಡೂ ಸೇರಿ ಅರ್ಧ ಮೀರದಂತೆ. ಮೂರನೇ ಒಂದು ಭಾಗ ಹುಡುಗಿಯರಿಗೆ. ಜಾತಿಯ ಪಟ್ಟಿಯ ಹಿಂದೆಯೂ ಸ್ಥಳೀಯ ಚರಿತ್ರೆ ಇದೆ. ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಈಗಿನ ನ್ಯಾಮತಿ ತಾಲ್ಲೂಕಿನಲ್ಲಿದೆ. ಸುತ್ತಲಿನ ತಾಂಡಾಗಳ ಮಕ್ಕಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು. ಜಗಳೂರಿನ ನಾಯಕ ಸಮುದಾಯ 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿತು, ಜಗಳೂರು ವಿಧಾನಸಭಾ ಕ್ಷೇತ್ರವೇ 2008ರಿಂದ ಪಂಗಡಕ್ಕೆ ಮೀಸಲು. ಕಬ್ಬಿಣದ ಟ್ರಂಕು ಹಿಡಿದು ದೇವರಹಳ್ಳಿಯ ಗೇಟು ದಾಟಿದ ಎಷ್ಟೋ ಮಕ್ಕಳು ತಮ್ಮ ಮನೆತನದಲ್ಲಿ ಹತ್ತನೆಯದು ದಾಟಿದ ಮೊದಲಿಗರು.

ಹಿಂದುಳಿದ ವರ್ಗಗಳಿಗೆ ನೂರಕ್ಕೆ 27 ಸೀಟು ಬಂದದ್ದು ತೀರಾ ಈಚೆಗೆ, ಅದೂ ಕೇಂದ್ರದ ಪಟ್ಟಿಯ ಪ್ರಕಾರ. ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವರಿಗೆ ಹೊಸ ತಲೆನೋವು ತಂದ ನಿಯಮ ಇದು. ರಾಜ್ಯದ 3ಬಿ ಪಟ್ಟಿಯಲ್ಲಿರುವ ವೀರಶೈವ ಲಿಂಗಾಯತರಲ್ಲಿ ಬಹುತೇಕರು ಕೇಂದ್ರದ ಪಟ್ಟಿಯಲ್ಲಿಲ್ಲ. ರಾಜ್ಯ ಸರ್ಕಾರದ ಹಾಸ್ಟೆಲ್ಲಿಗೆ ಹಿಂದುಳಿದವನಾದ ಹುಡುಗ ನವೋದಯದ ಅರ್ಜಿಯಲ್ಲಿ ಸಾಮಾನ್ಯ ವರ್ಗದವನು.

ಇಷ್ಟೆಲ್ಲ ಗೆರೆ ಎಳೆದರೂ ಒಂದನ್ನು ಎಳೆಯಲು ಆಗಲಿಲ್ಲ: ತರಬೇತಿ ಪಡೆದವರು, ಪಡೆಯದವರು ಎಂಬುದನ್ನು. ಮಡಚಿದ ಕಾಗದದ ಪ್ರಶ್ನೆ ಮೊದಲ ಸಲ ನೋಡಿದಾಗ ಬುದ್ಧಿಯ ಪರೀಕ್ಷೆ, ಇನ್ನೂರನೆಯ ಸಲ ನೋಡಿದಾಗ ಅಭ್ಯಾಸದ ಪರೀಕ್ಷೆ. ಇದನ್ನು ಕಂಡುಕೊಂಡವರು ಕೋಚಿಂಗ್ ನಡೆಸುವವರು. ‘ನವೋದಯ, ಸೈನಿಕ, ಮೊರಾರ್ಜಿ, ಆದರ್ಶ’ ಎಂದು ಒಂದೇ ಉಸಿರಿಗೆ ಬರೆದ ಫ್ಲೆಕ್ಸುಗಳು ಇವತ್ತು ಉತ್ತರ ಮತ್ತು ಮಧ್ಯ ಕರ್ನಾಟಕದ ಯಾವ ಬಸ್ ನಿಲ್ದಾಣದಲ್ಲೂ ಕಾಣುತ್ತವೆ. ಕೆಳಗೆ ಸಾಲು ಸಾಲಾಗಿ ಆಯ್ಕೆಯಾದ ಮಕ್ಕಳ ಪಾಸ್‌ಪೋರ್ಟ್ ಅಳತೆಯ ಫೋಟೊ. ಕೆಲವು ಕಡೆ ಕೋಚಿಂಗೇ ವಸತಿ ಸಹಿತ. ಅಂದರೆ ಹತ್ತನೆಯ ವಯಸ್ಸಿಗೆ ಮನೆ ಬಿಡಬೇಕಾದ ಶಾಲೆಗೆ ಸೇರುವ ಸಲುವಾಗಿ ಒಂಬತ್ತಕ್ಕೇ ಮನೆ ಬಿಡುವುದು. ತಮಗೂ ಕೋಚಿಂಗಿಗೂ ಸಂಬಂಧವಿಲ್ಲ ಎಂದು ನವೋದಯ ಸಮಿತಿ ಹೇಳುತ್ತದೆ. ಪುಸ್ತಕದಂಗಡಿಯ ಕಟ್ಟೆಯ ಮೇಲೆ ನವೋದಯ ಗೈಡುಗಳ ಅಟ್ಟಿ ಮಾತ್ರ ಕರಗುವುದಿಲ್ಲ.

ಎಲ್ಲವೂ ವ್ಯಾಪಾರವೇ ಎಂದರೆ ತಪ್ಪಾದೀತು. ಬೆಳಿಗ್ಗೆ ಎಂಟಕ್ಕೆ ಬಂದು ಐದನೆಯದರ ಆರೇಳು ಮಕ್ಕಳನ್ನು ಕೂರಿಸಿಕೊಂಡು, ಹಳೆಯ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿ, ನಯಾಪೈಸೆ ತೆಗೆದುಕೊಳ್ಳದೆ ಹೇಳಿಕೊಡುವ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಈ ತಾಲ್ಲೂಕುಗಳಲ್ಲಿ ಇದ್ದಾರೆ. ಅರ್ಜಿ ಕಾಗದದಲ್ಲಿದ್ದ ಕಾಲದಲ್ಲಿ ಬಿಇಒ ಕಚೇರಿಯಿಂದ ಫಾರಂ ತಂದು, ತಾವೇ ತುಂಬಿ, ಫೋಟೊ ಅಂಟಿಸಿ ಕಳಿಸುತ್ತಿದ್ದವರೂ ಅವರೇ. ಈಗ ಅರ್ಜಿ ಆನ್‌ಲೈನ್, ಸೈಬರ್ ಸೆಂಟರಿನವರ ಕೆಲಸ. ಹುಟ್ಟಿದ ದಿನಾಂಕದ ಗೋಳು ಹಾಗೇ ಇದೆ. ಹಿಂದೆಲ್ಲ ಅಪ್ಪ ಅಮ್ಮ ‘ಮಳೆಗಾಲದಲ್ಲಿ ಹುಟ್ಟಿದ್ದು’ ಎಂದರೆ ಹೆಡ್ಮಾಸ್ತರರು ಜೂನ್ 1 ಎಂದು ಬರೆದು ಮುಗಿಸುತ್ತಿದ್ದರು. ವಯಸ್ಸಿನ ಮಿತಿಯನ್ನು ದಿನಾಂಕದ ಲೆಕ್ಕದಲ್ಲಿ ನೋಡುವ ಪರೀಕ್ಷೆಯಲ್ಲಿ ಆ ಅಂದಾಜು ಒಂದು ಮಗುವನ್ನು ಒಳಗೂ ತರಬಹುದು, ಹೊರಗೂ ತಳ್ಳಬಹುದು.

ಗೇಟಿನ ಒಳಗೆ ಬೇರೆಯೇ ಲೋಕ. ಸೇರಿದ ಮೊದಲ ವಾರಗಳಲ್ಲಿ ಡಾರ್ಮಿಟರಿಯಲ್ಲಿ ರಾತ್ರಿ ಅಳುವ ಸದ್ದು. ಹೊಸಬರು ಎಲ್ಲ ನವೋದಯಗಳಲ್ಲೂ ಅಳುತ್ತಾರೆ, ಹಳಬರು ಅದನ್ನು ನೋಡಿ ನಗುತ್ತಾರೆ, ಹೋದ ವರ್ಷ ತಾವು ಅತ್ತದ್ದನ್ನು ಮರೆತು. ಹಾಸಿಗೆ, ಸಮವಸ್ತ್ರ, ಪುಸ್ತಕ, ಸೋಪು, ಎಣ್ಣೆ ಎಲ್ಲ ಶಾಲೆಯದೇ. ಜಮೀನ್ದಾರನ ಮಗನದೂ ಕೂಲಿಯವಳ ಮಗನದೂ ಒಂದೇ ಬಣ್ಣದ ಅಂಗಿ, ಒಂದೇ ಅಳತೆಯ ಮಂಚ. ಸಮಾನತೆಯ ಬಗ್ಗೆ ಪಾಠ ಮಾಡದೆಯೇ ಅದನ್ನು ಅಭ್ಯಾಸ ಮಾಡಿಸುವ ಕ್ರಮ ಇದು. ನವೋದಯದ ಬಗ್ಗೆ ಏನೇ ಟೀಕೆ ಮಾಡಿದರೂ ಇದರ ಬೆಲೆ ಕಡಿಮೆ ಮಾಡುವಂತಿಲ್ಲ. ಮಕ್ಕಳನ್ನು ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂಬ ನಾಲ್ಕು ಹೌಸುಗಳಿಗೆ ಹಂಚುತ್ತಾರೆ. ದೇಶದ ಎಲ್ಲ ನವೋದಯಗಳಲ್ಲೂ ಇವೇ ಹೆಸರು. ರಂಗಯ್ಯನದುರ್ಗದ ಕಾಡಿನ ಕೊಂಡುಕುರಿ ನೋಡಿ ಬೆಳೆದ ಜಗಳೂರಿನ ಹುಡುಗ ಕಬಡ್ಡಿ ಆಡುವಾಗ ಶಿವಾಲಿಕ್‌ಗೆ ಜೈ ಎನ್ನುತ್ತಾನೆ, ಆ ಬೆಟ್ಟ ಎಲ್ಲಿದೆ ಎಂದು ಭೂಗೋಳದಲ್ಲಿ ಆಮೇಲೆ ಕಲಿಯುತ್ತಾನೆ.

ಮುದ್ದೆಯ ಜಾಗಕ್ಕೆ ಮೆಸ್ಸಿನ ಚಪಾತಿ ಬರುತ್ತದೆ. ಪೋಷಕರ ಭೇಟಿಯ ಭಾನುವಾರ ಅದಕ್ಕೆ ಪರಿಹಾರ. ಜಗಳೂರಿನಿಂದ ಬರುವವರು ಬೆಳಗಿನ ಮೊದಲ ಬಸ್ಸು ಹಿಡಿದು ದಾವಣಗೆರೆ ಮುಟ್ಟಿ, ಅಲ್ಲಿಂದ ಚನ್ನಗಿರಿಯ ಬಸ್ಸು ಹತ್ತಿ, ಜಿಲ್ಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಬೇಕು. ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ, ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿಸಿಕೊಂಡ ಮಂಡಕ್ಕಿ. ಮರದ ಕೆಳಗೆ ಟವೆಲ್ ಹಾಸಿ ಒಬ್ಬರ ಬುತ್ತಿಯನ್ನು ನಾಲ್ಕು ಮಕ್ಕಳು ತಿನ್ನುತ್ತಾರೆ. ಯಾರ ಮನೆಯವರು ಬರಲಿಲ್ಲವೋ ಅವರನ್ನು ಕರೆದು ಕೂರಿಸಿಕೊಳ್ಳುವುದು ಅಲ್ಲಿನ ರೂಢಿ. ಹೊರಗೆ ಊರಿನಲ್ಲಿ ಒಬ್ಬರ ಮನೆಯಲ್ಲೊಬ್ಬರು ಉಣ್ಣದ ಜಾತಿಗಳ ತಾಯಂದಿರು ಆ ದಿನ ಒಂದೇ ಟವೆಲಿನ ಸುತ್ತ ಕೂತಿರುತ್ತಾರೆ.

ಭಾಷೆಯ ಏರು ಇದಕ್ಕಿಂತ ಕಡಿದು. ನಿಯಮದ ಪ್ರಕಾರ ಏಳು–ಎಂಟನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಪ್ರಾದೇಶಿಕ ಭಾಷೆ, ಆಮೇಲೆ ಗಣಿತ ವಿಜ್ಞಾನಕ್ಕೆ ಇಂಗ್ಲಿಷ್, ಸಮಾಜ ವಿಜ್ಞಾನಕ್ಕೆ ಹಿಂದಿ. ಒಂಬತ್ತನೆಯದರಲ್ಲಿ ‘ಮೈಗ್ರೇಷನ್’. ನೂರಕ್ಕೆ ಮೂವತ್ತು ಮಕ್ಕಳು ಒಂದು ವರ್ಷ ಹಿಂದಿ ಸೀಮೆಯ ನವೋದಯಕ್ಕೆ ಹೋಗುತ್ತಾರೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ. ರಾಷ್ಟ್ರೀಯ ಭಾವೈಕ್ಯ ಇದರ ಘೋಷಿತ ಉದ್ದೇಶ. ಹಳೆಯ ವಿದ್ಯಾರ್ಥಿಗಳು ನೆನೆಸಿಕೊಳ್ಳುವುದು ಮಾತ್ರ ಎರಡು ದಿನದ ರೈಲು, ಚಳಿ, ಮತ್ತು ಅಲ್ಲಿ ಕಲಿತ ಬೈಗುಳ. ವರ್ಷ ಮುಗಿಸಿ ಬಂದವರು ಹಿಂದಿಯಲ್ಲಿ ಜಗಳವಾಡುವಷ್ಟು ಪಳಗಿರುತ್ತಾರೆ. ತಮಿಳುನಾಡು ಯಾವುದಕ್ಕೆ ಹೆದರಿ ಬಾಗಿಲು ಹಾಕಿತೋ ಅದನ್ನು ಕನ್ನಡದ ಮಕ್ಕಳು ಕೌದಿಯ ಜೊತೆ ಗಂಟು ಕಟ್ಟಿಕೊಂಡು ಹೋಗಿ ಬಂದಿದ್ದಾರೆ. ಇದರಲ್ಲಿ ಲಾಭ ಎಷ್ಟು, ಕನ್ನಡದಲ್ಲಿ ಬರೆಯುವ ಕೈ ತಪ್ಪಿದ್ದು ಎಷ್ಟು ಎಂಬ ಚರ್ಚೆ ಕರ್ನಾಟಕದಲ್ಲಿ ಗಂಭೀರವಾಗಿ ನಡೆಯಲೇ ಇಲ್ಲ.

ಖರ್ಚು ಬಹಳ ಕಾಲ ಪೂರ್ತಿ ಸರ್ಕಾರದ್ದೇ ಆಗಿತ್ತು. 2003ರಲ್ಲಿ ಒಂಬತ್ತನೆಯದರಿಂದ ಮೇಲಿನವರಿಗೆ ತಿಂಗಳಿಗೆ 200 ರೂಪಾಯಿ ಎಂದಾಯಿತು, 2018ರಲ್ಲಿ 600. ಸರ್ಕಾರಿ ನೌಕರರ ಮಕ್ಕಳಿಗೆ 1,500. ಹುಡುಗಿಯರು, ಪರಿಶಿಷ್ಟರು, ಬಡತನ ರೇಖೆಯ ಕೆಳಗಿನವರು ಕೊಡಬೇಕಿಲ್ಲ.

ಒಳಗಿನ ಹವೆ ಎಲ್ಲ ಕಡೆಯೂ ಹಿತವಾಗಿತ್ತು ಎನ್ನುವಂತಿಲ್ಲ. 2013ರಿಂದ 2017ರವರೆಗಿನ ಐದು ವರ್ಷದಲ್ಲಿ ದೇಶದ ನವೋದಯಗಳಲ್ಲಿ 49 ಮಕ್ಕಳು ಆತ್ಮಹತ್ಯೆ ಮಾಡಿಕೊಂಡ ಸಂಗತಿ 2018ರ ಕೊನೆಗೆ ಪತ್ರಿಕೆಯಲ್ಲಿ ಬಂತು. ಅವರಲ್ಲಿ ಹೆಚ್ಚುಕಡಿಮೆ ಅರ್ಧ ದಲಿತ, ಆದಿವಾಸಿ ಮಕ್ಕಳು. ರಾಷ್ಟ್ರೀಯ ಮಾನವ ಹಕ್ಕು ಆಯೋಗ ನೋಟಿಸು ಕೊಟ್ಟಿತು, ಕೇಂದ್ರ ಸಚಿವಾಲಯ ಕಾರ್ಯಪಡೆ ಮಾಡಿತು. ಅಲ್ಲಿಯವರೆಗೆ ಮಕ್ಕಳ ಮನಸ್ಸಿನ ಭಾರವೆಲ್ಲ ಹೌಸ್ ಮಾಸ್ಟರ್ ಎಂದು ಹೆಚ್ಚುವರಿ ಜವಾಬ್ದಾರಿ ಹೊತ್ತ ಪಾಠದ ಮೇಷ್ಟರ ಮೇಲೆ. ಹಗಲು ಗಣಿತ ಹೇಳಿ, ರಾತ್ರಿ ಹಾಜರಿ ಕೂಗಿ, ಜ್ವರ ಬಂದವನನ್ನು ಆಸ್ಪತ್ರೆಗೆ ಕರೆದೊಯ್ಯುವವರೂ ಅವರೇ. ಆಪ್ತಸಮಾಲೋಚಕರು ಬೇಕೆಂಬುದು ಆ ಮೇಲೆ ಕಡತಕ್ಕೆ ಬಂದ ಮಾತು. ಇಡೀ ಊರಿನಲ್ಲಿ ಜಾಣ ಎನ್ನಿಸಿಕೊಂಡ ಮಗು ಎಂಬತ್ತು ಜಾಣರ ನಡುವೆ ಅರವತ್ತನೆಯವನಾಗುವುದು ಸಣ್ಣ ಪೆಟ್ಟಲ್ಲ. ಊರಿಗೆ ಮರಳಿ ಹೋಗೋಣವೆಂದರೆ ಫ್ಲೆಕ್ಸಿನಲ್ಲಿ ಫೋಟೊ ಹಾಕಿದ್ದಾರೆ.

ಹತ್ತು ಹನ್ನೊಂದರ ವಯಸ್ಸಿಗೆ ಮಕ್ಕಳನ್ನು ಜರಡಿ ಹಿಡಿಯುವುದು ಬೇರೆ ದೇಶಗಳೂ ಮಾಡಿ ಪಶ್ಚಾತ್ತಾಪಪಟ್ಟ ಕೆಲಸ. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯ್ದೆಯ ನಂತರ ‘ಇಲೆವೆನ್ ಪ್ಲಸ್’ ಪರೀಕ್ಷೆ ಹರಡಿತು. ಪಾಸಾದವರಿಗೆ ಗ್ರಾಮರ್ ಸ್ಕೂಲು, ಉಳಿದವರಿಗೆ ಉಳಿದದ್ದು. ಇಪ್ಪತ್ತು ವರ್ಷದಲ್ಲಿ ಅದು ವರ್ಗಭೇದವನ್ನು ಗಟ್ಟಿ ಮಾಡುತ್ತಿದೆ ಎಂಬ ಕೂಗೆದ್ದು, 1965ರಿಂದ ಬಹುಪಾಲು ಊರುಗಳು ಅದನ್ನು ಕೈಬಿಟ್ಟವು. ಅಮೆರಿಕದಲ್ಲಿ 1960ರ ದಶಕದ ಕೊನೆಗೆ ಹುಟ್ಟಿದ ‘ಮ್ಯಾಗ್ನೆಟ್’ ಶಾಲೆಗಳ ಉದ್ದೇಶ ಬೇರೆ: ಕರಿಯರ ಬಡಾವಣೆಯ ಶಾಲೆಗೆ ವಿಶೇಷ ವಿಜ್ಞಾನವನ್ನೋ ಕಲೆಯನ್ನೋ ಇಟ್ಟು ಬಿಳಿಯರ ಮಕ್ಕಳು ತಾವಾಗಿ ಬರುವಂತೆ ಮಾಡುವುದು. ಕಾಲಕ್ರಮದಲ್ಲಿ ಅವುಗಳಲ್ಲಿ ಕೆಲವು ಪರೀಕ್ಷೆ ಇಟ್ಟು ಆರಿಸತೊಡಗಿದವು, ಅಲ್ಲೂ ಕೋಚಿಂಗ್ ಬಂತು, ಯಾವ ಬಣ್ಣದ ಮಕ್ಕಳು ಎಷ್ಟು ಎಂಬ ವ್ಯಾಜ್ಯ ಕೋರ್ಟಿಗೂ ಹೋಯಿತು. ನಮ್ಮಲ್ಲೇ ಕೊಠಾರಿ ಆಯೋಗ 1966ರಲ್ಲಿ ಎಲ್ಲ ಮಕ್ಕಳೂ ತಮ್ಮ ನೆರೆಹೊರೆಯ ಸಮಾನ ಶಾಲೆಯಲ್ಲಿ ಓದಬೇಕು ಎಂದಿತ್ತು. ಇಪ್ಪತ್ತು ವರ್ಷದ ನಂತರ ಅದೇ ದೇಶ ನವೋದಯ ಕಟ್ಟಿತು. 1990ರಲ್ಲಿ ಶಿಕ್ಷಣ ನೀತಿಯನ್ನು ಮರುಪರಿಶೀಲಿಸಿದ ಆಚಾರ್ಯ ರಾಮಮೂರ್ತಿ ಸಮಿತಿ ಹೊಸ ನವೋದಯಗಳು ಬೇಡ ಎಂದಿತು. ಶಾಲೆಗಳು ಹೆಚ್ಚುತ್ತಲೇ ಹೋದವು.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ನು ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಪರೀಕ್ಷೆ ಮಾಡಿ ಆರಿಸಬಾರದು ಎನ್ನುತ್ತದೆ. ಎಂಟನೆಯ ತರಗತಿಯವರೆಗಿನ ಯಾವ ಶಾಲೆಗೂ ಅನ್ವಯವಾಗಬೇಕಾದ ಮಾತು. ಆದರೆ ನವೋದಯ, ಸೈನಿಕ ಮುಂತಾದ ಶಾಲೆಗಳನ್ನು ಅದೇ ಕಾಯ್ದೆ ‘ನಿರ್ದಿಷ್ಟ ವರ್ಗ’ ಎಂದು ಬೇರೆ ಗುರುತಿಸಿದೆ, ಅವುಗಳ ಪರೀಕ್ಷೆ ನಿಲ್ಲಲಿಲ್ಲ. ದಾವಣಗೆರೆಯ ಒಂದು ಖಾಸಗಿ ಶಾಲೆ ಆರನೆಯದಕ್ಕೆ ಪ್ರವೇಶ ಪರೀಕ್ಷೆ ಇಟ್ಟರೆ ಅಪರಾಧ, ಕೇಂದ್ರ ಸರ್ಕಾರ ಇಟ್ಟರೆ ನೀತಿ.

ರಾಜ್ಯ ಸರ್ಕಾರವೂ ಇದೇ ದಾರಿ ಹಿಡಿಯಿತು. 1996-97ರಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಆರಂಭವಾದವು, 1999ರಲ್ಲಿ ಅವುಗಳಿಗೆಂದು ಪ್ರತ್ಯೇಕ ಸಂಘ ಬಂತು. ಆಮೇಲೆ ಕಿತ್ತೂರು ರಾಣಿ ಚೆನ್ನಮ್ಮ, ಅಂಬೇಡ್ಕರ್, ವಾಜಪೇಯಿ, ಇಂದಿರಾ ಗಾಂಧಿ ಹೆಸರಿನವು. ಆರನೆಯದರಿಂದ ಹತ್ತರವರೆಗೆ, ತರಗತಿಗೆ 50 ಮಕ್ಕಳು, ಇವಕ್ಕೂ ಪ್ರವೇಶ ಪರೀಕ್ಷೆ. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಿಗೆಂದು ರಾಜ್ಯದಲ್ಲಿ 74 ಆದರ್ಶ ವಿದ್ಯಾಲಯಗಳಾದವು. ಅವು ಹಗಲು ಶಾಲೆ, ಇಂಗ್ಲಿಷ್ ಮಾಧ್ಯಮ, ಮತ್ತೆ ಪರೀಕ್ಷೆ. ಹೀಗೆ ಐದನೆಯದರ ಮಗುವೊಂದು ಒಂದೇ ವರ್ಷದಲ್ಲಿ ಮೂರು ನಾಲ್ಕು ಹಾಲ್ ಟಿಕೆಟ್ ಹಿಡಿದು ಓಡಾಡುವ ಕಾಲ ಬಂತು. ಒಂದರಲ್ಲಾದರೂ ಹೆಸರು ಬಂದ ಮಕ್ಕಳು ಹೋಗಿಬಿಟ್ಟ ಮೇಲೆ ಊರಿನ ಹಿರಿಯ ಪ್ರಾಥಮಿಕ ಶಾಲೆಯ ಆರನೇ ತರಗತಿಯಲ್ಲಿ ಯಾರು ಉಳಿದರು? ಪಕ್ಕದವನ ಲೆಕ್ಕ ನೋಡಿ ಕಲಿಯುತ್ತಿದ್ದವರು ಈಗ ನೋಡುವುದು ಯಾರದನ್ನು? ನವೋದಯದ ಮೇಲಿನ ಅತಿ ಗಟ್ಟಿ ಆಕ್ಷೇಪ ಇದೇ. ಆ ಶಾಲೆ ಸುತ್ತಲಿನ ಶಾಲೆಗಳಿಗೆ ದಾರಿ ತೋರಬೇಕೆಂಬುದು 1986ರ ನೀತಿಯ ಆಶಯ. ಅಕ್ಕಪಕ್ಕದ ಹಳ್ಳಿಯ ಶಾಲೆಗಳಿಗೆ ಅದು ಕಲಿಸಿದ್ದಕ್ಕಿಂತ ಅವುಗಳಿಂದ ಕರೆದುಕೊಂಡದ್ದೇ ಹೆಚ್ಚು.

ಆರನೆಯದರಲ್ಲಿ ತಪ್ಪಿದವರಿಗೆ ಮೂರು ವರ್ಷದ ನಂತರ ಇನ್ನೊಂದು ಸಣ್ಣ ಬಾಗಿಲು ಇದೆ. ಬಿಟ್ಟುಹೋದವರಿಂದ ತೆರವಾದ ಸೀಟುಗಳಿಗೆ ಒಂಬತ್ತನೇ ತರಗತಿಗೆ ಪ್ರತ್ಯೇಕ ಪರೀಕ್ಷೆ ನಡೆಯುತ್ತದೆ. ಒಂದು ವರ್ಷ ಮೂರು ಸೀಟು ಇರಬಹುದು, ಇನ್ನೊಂದು ವರ್ಷ ಹತ್ತು. ಹೊನ್ನಾಳಿಯ ಸರ್ಕಾರಿ ಶಾಲೆಯಲ್ಲಿ ಎಂಟನೆಯದು ಓದುವ ಹುಡುಗಿ ಆ ಅರ್ಜಿ ಹಾಕಬಹುದು. ಗಣಿತಕ್ಕೆ 35 ಅಂಕ, ವಿಜ್ಞಾನಕ್ಕೆ 35, ಇಂಗ್ಲಿಷಿಗೆ 15, ಹಿಂದಿಗೆ 15. ಮಡಚಿದ ಕಾಗದ, ಕನ್ನಡಿಯ ಚಿತ್ರ ಒಂದೂ ಇಲ್ಲ. ಪ್ರಶ್ನೆಪತ್ರಿಕೆ ಇರುವುದು ಎರಡೇ ಭಾಷೆಯಲ್ಲಿ, ಇಂಗ್ಲಿಷ್ ಮತ್ತು ಹಿಂದಿ.